ಬೆಳಕಿನ ಹೊಳೆಯ ಕಪ್ಪು ಗೆರೆಗಳು

ಮಂಡ್ಯದಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಊರು ದಾಟಿ ನಾಲೆಯ ಸೇತುವೆ ಬಂದಾಗ ಆ ವಾಸನೆ ಮೂಗಿಗೆ ಬಡಿಯಿತು. ಬೇಸಿಗೆಯೆಲ್ಲ ಒಣಗಿ ಬಿರುಕುಬಿಟ್ಟ ನಾಲೆಗೆ ಮೊದಲ ನೀರು ಬಿಟ್ಟಾಗ ಏಳುವ ವಾಸನೆ ಅದು. ಹಳೆಯ ಕೆಸರು, ಕೊಳೆತ ಕಬ್ಬಿನ ಸೋಗೆ, ಸತ್ತ ಏಡಿ, ಅದರ ಮೇಲೆ ಹೊಸ ನೀರಿನ ತಂಪು. ಬೇರೆ ಊರಿನವರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮವರು ಕತ್ತು ಹೊರಗೆ ಹಾಕಿ ನೀರು ಎಷ್ಟು ಬಂದಿದೆ ಎಂದು ನೋಡುತ್ತಾರೆ, ಇಷ್ಟೇನಾ ಬಿಟ್ಟಿರೋದು ಎಂದು ಯಾರನ್ನೋ ಬೈದುಕೊಂಡು ಕತ್ತು ಒಳಗೆ ಎಳೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದೆ. ಕತ್ತು ಒಳಗೆ ಬಂದರೂ ವಾಸನೆ ಬಿಡಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಅದರ ಜೊತೆ ಬಸ್ಸು ಹತ್ತಿತು.

ಮಳವಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಹೊರಗಿನ ಪರೀಕ್ಷಕಿಯಾಗಿ ಹೊರಟಿದ್ದೆ. ಹಿಂದಿನ ವಾರ ಅಲ್ಲಿನ ಪ್ರಿನ್ಸಿಪಾಲರು ಫೋನು ಮಾಡಿ, “ಈ ಸಲ ನಿಮ್ಮನ್ನೇ ಕರೆಸಬೇಕು ಅಂತ ನಮ್ಮ ಫಿಸಿಕ್ಸಿನ ಸಿದ್ದರಾಜು ಹಟ ಹಿಡಿದು ಕೂತಿದ್ದಾರೆ ಮೇಡಂ” ಎಂದಿದ್ದರು. ಬರುತ್ತೇನೆ ಎಂದು ಫೋನಿಟ್ಟೆ. ಸಿದ್ದರಾಜು ನನ್ನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅಂಥವನು ಹಟ ಹಿಡಿದು ನನ್ನನ್ನೇ ಯಾಕೆ ಕರೆಸುತ್ತಾನೆ? ಹುಡುಗರ ಮುಂದೆ ಕೂರಿಸಿ ಏನಾದರೂ ಕೇಳಿ ಮಾನ ತೆಗೆಯುತ್ತಾನಾ? ಒಳ್ಳೆಯದಕ್ಕೇ ಕರೆದಿರಬಹುದು ಎಂಬ ಯೋಚನೆ ನನ್ನಂಥವಳಿಗೆ ಕೊನೆಗೆ ಬರುವುದು, ಬಂದರೆ.

ಆ ಮಳೆಗಾಲದಲ್ಲಿ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಯ ಕೊನೆಯ ಘಟ್ಟದಲ್ಲಿದ್ದೆ. ಸಿದ್ದರಾಜು ಅದೇ ಲ್ಯಾಬಿನಲ್ಲಿ ನನಗಿಂತ ಸ್ವಲ್ಪ ಕಿರಿಯ. ಅವನದು ಮಳವಳ್ಳಿ ಪಕ್ಕದ ಹಳ್ಳಿ, ನನ್ನದು ಮಂಡ್ಯದ ಗುತ್ತಲು. ಲ್ಯಾಬಿನಲ್ಲಿ ಮಿಕ್ಕವರೆಲ್ಲ ಇಂಗ್ಲಿಷಿನಲ್ಲಿ ಪಿಸುಗುಡುವಾಗ ನಾವಿಬ್ಬರು ಲೇಸರ್ ಮೇಜಿನ ಎರಡು ತುದಿಯಲ್ಲಿ ನಿಂತು, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವವರಂತೆ ಮಾತಾಡುತ್ತಿದ್ದೆವು. ಅವನಿಗೆ ನಾನು ಅಕ್ಕ. ನನಗೆ ಅವನು ತಮ್ಮ ಎಂದು ಬಾಯಲ್ಲಿ ಹೇಳಿರಲಿಲ್ಲ, ಅಷ್ಟೇ.

ನಮ್ಮ ಕೆಲಸ ಬೆಳಕನ್ನು ನೀರಿನಂತೆ ಹರಿಸುವುದು. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಅನುಮಾನದಿಂದ ನೋಡುತ್ತಾರೆ. ಎರಡು ಪುಟ್ಟ ಕನ್ನಡಿಗಳನ್ನು ಕೂದಲೂ ತೂರದಷ್ಟು ಹತ್ತಿರ ಎದುರುಬದುರಾಗಿಟ್ಟು, ನಡುವೆ ಒಂದು ವಿಶೇಷ ಪದಾರ್ಥದ ಪದರವಿಟ್ಟು, ಆ ತುಣುಕನ್ನು ವಿಪರೀತ ತಣ್ಣಗೆ ಮಾಡಿ ಅದರೊಳಕ್ಕೆ ಲೇಸರ್ ಬಿಡುತ್ತೇವೆ. ಅಲ್ಲಿ ಸಿಕ್ಕಿಕೊಂಡ ಬೆಳಕು ಆ ಪದಾರ್ಥದ ಗುಣವನ್ನು ಒಂದಿಷ್ಟು ಅಂಟಿಸಿಕೊಳ್ಳುತ್ತದೆ. ಆಗ ಬೆಳಕಿನ ಕಣಗಳು ಒಂದನ್ನೊಂದು ತಳ್ಳಲು ಶುರುಮಾಡುತ್ತವೆ. ಮಾಮೂಲಿ ಬೆಳಕಿಗೆ ಈ ಗುಣವಿಲ್ಲ. ಎರಡು ಟಾರ್ಚಿನ ಬೆಳಕನ್ನು ಅಡ್ಡಡ್ಡ ಬಿಟ್ಟರೆ ಒಂದು ಇನ್ನೊಂದನ್ನು ಹಾಯ್ದು ತನ್ನ ಪಾಡಿಗೆ ತಾನು ಹೋಗುತ್ತದೆ. ಹೀಗೆ ಹಾಯ್ದು ಹೋಗುವುದಕ್ಕೆ ಪುಸ್ತಕದಲ್ಲಿ ರೇಖೀಯ ಎನ್ನುತ್ತಾರೆ, ತಳ್ಳಾಡಿ ದಾರಿ ಬದಲಿಸುವುದಕ್ಕೆ ಅರೇಖೀಯ. ಸಿದ್ದರಾಜು ಹೊಸಬರಿಗೆ ಇದನ್ನು ವಿವರಿಸುತ್ತಿದ್ದ ರೀತಿಯೇ ಬೇರೆ.

“ನಮ್ಮಪ್ಪ, ನಮ್ ದೊಡ್ಡಪ್ಪ ಮಾತು ಬುಟ್ಟು ಬಾಳ ವರ್ಸ ಆಯ್ತು. ಒಂದೇ ಬದಿನ ಮ್ಯಾಲೆ ಎದ್ರಾದ್ರೂ ನೋಡ್ದಂಗೆ ಓಯ್ತಾ ಇರ್ತಾರೆ. ಅದು ರೇಖೀಯ. ಎಂದಾರ ಒಂದಿನ ಬುಜ ತಾಗಿ ಒಬ್ಬ ಗದ್ದೆಗೆ ಉರುಳ್ದ ಅನ್ಕೊಳಿ, ಅವತ್ತು ಅರೇಖೀಯ.”

ಬೇಸಿಗೆಯ ಕೊನೆಯಲ್ಲಿ ಸಿದ್ದರಾಜು ಕೆಲವು ಚಿತ್ರ ತೆಗೆದಿದ್ದ. ಹರಿಯುವ ಬೆಳಕಿನ ದಾರಿಗೆ ಒಂದು ಚುಕ್ಕೆಯಷ್ಟು ಅಡ್ಡಿ ಇತ್ತು, ಹೊಳೆಯ ನಡುವಿನ ಬಂಡೆಯ ಹಾಗೆ. ಅದರ ಹಿಂದೆ ಎರಡು ಕಪ್ಪು ಗೆರೆಗಳು ಕವಲೊಡೆದು ಚೂಪಾಗಿ ನಿಂತಿದ್ದವು. ಬೆಳಕಿನ ಕಣಗಳು ತಳ್ಳಾಡಿಯೇ ಈ ಗೆರೆ ಮೂಡಿದ್ದರೆ, ಬೆಳಕು ದ್ರವವಾಗಿದೆ ಎನ್ನುವುದಕ್ಕೆ ಅದಕ್ಕಿಂತ ಸೊಗಸಾದ ಸಾಕ್ಷಿ ಬೇಕಿರಲಿಲ್ಲ. ಹಾಗಲ್ಲದೆ ಅಡ್ಡಿಯ ಎರಡೂ ಬದಿಯಿಂದ ಬಂದ ಅಲೆಗಳು ಸುಮ್ಮನೆ ಒಂದರ ಮೇಲೊಂದು ಬಿದ್ದು ಅಲ್ಲಲ್ಲಿ ಕತ್ತಲಾಗಿದ್ದರೆ, ಅದು ಪಿಯುಸಿ ಮಕ್ಕಳು ಮಾಡುವ ಪ್ರಯೋಗ. ಎರಡಕ್ಕೂ ಗೆರೆ ಒಂದೇ ಥರ ಕಾಣುತ್ತದೆ. ಮೋಸ ಇರುವುದೇ ಅಲ್ಲಿ. ಬೇರೆ ಮಾಡಿ ನೋಡಲು ಒಂದು ನೇರವಾದ ದಾರಿಯಿದೆ. ಬೆಳಕನ್ನು ಕ್ಷೀಣ ಮಾಡಬೇಕು. ಕಣಗಳು ಕಮ್ಮಿಯಾದರೆ ತಳ್ಳಾಟ ನಿಲ್ಲುತ್ತದೆ. ತಳ್ಳಾಟದಿಂದ ಹುಟ್ಟಿದ ಗೆರೆಯಾದರೆ ಅಳಿಸಿಹೋಗುತ್ತದೆ, ಬರೀ ಅಲೆಯ ಗೆರೆಯಾದರೆ ಮಸುಕಾಗಿಯಾದರೂ ಇದ್ದಲ್ಲೇ ಇರುತ್ತದೆ. ಸಿದ್ದರಾಜು ಕ್ಷೀಣ ಬೆಳಕಿನಲ್ಲೂ ಚಿತ್ರ ತೆಗೆದಿದ್ದ. ಅದರಲ್ಲಿ ಗೆರೆ ಇರಲಿಲ್ಲ. ನಮ್ಮ ಗೈಡ್ ಲ್ಯಾಬಿಗೆಲ್ಲ ಸಿಹಿ ಹಂಚಿದರು.

ಅಷ್ಟರಲ್ಲಿ ತಣ್ಣಗೆ ಮಾಡುವ ಯಂತ್ರ ಕೈಕೊಟ್ಟಿತು. ಬಿಡಿಭಾಗ ಹೊರದೇಶದಿಂದ ಬರಬೇಕು, ಬರುವಾಗ ಬರುತ್ತದೆ. “ಮನೆಗೆ ಹೋಗಿ ಕೂತು ಜರ್ನಲ್ಲಿಗೆ ಪೇಪರ್ ಬರೆದು ಮುಗಿಸಿ, ಯಂತ್ರ ಸರಿಹೋಗುವ ಮುಂಚೆ ಕಳಿಸಿಬಿಡೋಣ” ಎಂದರು ಗೈಡ್. ಸಿದ್ದರಾಜುವಿಗೆ ಅವಸರವಿತ್ತು. ಅವನ ಫೆಲೋಶಿಪ್ ದೀಪಾವಳಿಯ ಹೊತ್ತಿಗೆ ಮುಗಿಯುತ್ತಿತ್ತು. ಪುಣೆಯ ಕಡೆ ಒಂದು ಲ್ಯಾಬಿನವರು ಈ ಪೇಪರ್ ಬಂದರೆ ಬಾ, ಜಾಗ ಕೊಡುತ್ತೇವೆ ಎಂದಿದ್ದರು. ಪೇಪರ್ ಕಳಿಸಬೇಕಾದರೆ ಅದರಲ್ಲಿ ಹೆಸರಿರುವ ಎಲ್ಲರೂ ಒಪ್ಪಬೇಕು. ನನ್ನ ಹೆಸರೂ ಇತ್ತು.

ಹಾಗೆ ನಾನು ಬಟ್ಟೆಯ ಚೀಲ, ಲ್ಯಾಪ್‌ಟಾಪು ಹಿಡಿದು ಗುತ್ತಲಿನ ಮನೆಗೆ ಬಂದಿಳಿದೆ. ನಾಲೆಗೆ ನೀರು ಬಿಟ್ಟ ವಾರವದು. ಎದುರುಮನೆಯ ಸಾಕಮ್ಮ ಗೇಟಿನ ಹತ್ತಿರವೇ ತಡೆದಳು.

“ಏನಮ್ಮಿ, ಇಷ್ಟೊಂದು ಗಂಟು ತಂದಿದ್ದೀಯೆ? ಕೆಲ್ಸದಿಂದ ತೆಗ್ದುಬುಟ್ರಾ?”

“ಮಿಷನ್ ಕೆಟ್ಟೋಗದೆ ಸಾಕಮ್ಮ.”

“ಮಿಷನ್ ಕೆಟ್ರೆ ರಿಪೇರಿ ಮಾಡ್ತಾರೆ. ಮನ್ಸನ್ನ ಯಾಕೆ ಮನೆಗೆ ಕಳಿಸ್ತಾರೆ?”

ಅವಳು ಕೇಳಿದ್ದು ನ್ಯಾಯವೇ ಆಗಿತ್ತು. ಸಂಜೆಯೊಳಗೆ ಬೀದಿಯಲ್ಲಿ ಮೂರು ಥರದ ಸುದ್ದಿ ಹುಟ್ಟಿತು. ಒಂದರಲ್ಲಿ ನನಗೆ ಕೆಲಸ ಹೋಗಿತ್ತು, ಇನ್ನೊಂದರಲ್ಲಿ ಕಾಯಿಲೆ, ಮತ್ತೊಂದರಲ್ಲಿ ಮದುವೆಯಾದ ಯಾರನ್ನೋ ಕಟ್ಟಿಕೊಂಡು ಬಿಟ್ಟು ಬಂದಿದ್ದೆ.

ನಮ್ಮ ಅವ್ವ ಈ ಯಾವ ಸುದ್ದಿಯನ್ನೂ ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಅವಳು ಯಾರನ್ನೂ ನಂಬುವವಳಲ್ಲ. ಹಾಲಿನವನು ಎದುರಿಗೇ ಕರೆದು ಕೊಟ್ಟರೂ ಒಂದು ತೊಟ್ಟನ್ನು ಉಗುರಿನ ಮೇಲೆ ಬಿಟ್ಟು ಜಾರುತ್ತದಾ ನೋಡುತ್ತಾಳೆ. ಬೆಲ್ಲ ಕೊಳ್ಳುವಾಗ ಹೊಂಬಣ್ಣದ ಅಚ್ಚನ್ನು ಮುಟ್ಟುವುದಿಲ್ಲ, “ಇಷ್ಟು ಚೆಂದಾಗಿ ಯಾವ ಕಬ್ಬೂ ಬೇಯಾಕಿಲ್ಲ, ಏನೋ ಆಕವ್ರೆ” ಎಂದು ಕರಿ ಬೆಲ್ಲ ಹುಡುಕಿ ತರುತ್ತಾಳೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದಷ್ಟೂ ದಿನ, ಓವರ್‌ಟೈಮ್ ಇದ್ದಾಗ ಅವರ ಅಂಗಿಯನ್ನು ಮೂಸಿ ಕಬ್ಬಿನ ಮಡ್ಡಿಯ ವಾಸನೆ ಬಂದರೇನೇ ಒಳಗೆ ಬಿಡುತ್ತಿದ್ದಳು. ಅಪ್ಪ ನಗುತ್ತಿದ್ದರು. ನನಗೆ ಅವ್ವನ ಮೂಗು ಬಂದಿದೆ ಎಂದು ನೆಂಟರೆಲ್ಲ ಹೇಳುತ್ತಾರೆ, ಅದರ ಕೆಲಸವೂ ಜೊತೆಗೇ ಬಂದಿದೆ.

ಸಿದ್ದರಾಜು ವಾರಕ್ಕೆರಡು ಸಲ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ನಡುಮನೆಯಲ್ಲಿ ಇಬ್ಬರೂ ಲ್ಯಾಪ್‌ಟಾಪು ತೆರೆದು ಕೂತರೆ ಅವ್ವ ಅಕ್ಕಿ ಆರಿಸುವ ಮೊರ ಹಿಡಿದು ಬಾಗಿಲಿಗೆ ಬಂದು ಕೂರುತ್ತಿದ್ದಳು. ಅವಳು ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದುದನ್ನು ನಾನು ನೋಡಿದ್ದೇನೆ.

“ಅವ್ನು ನಿನ್ನ ಅಕ್ಕ ಅಂತಾನಲ್ಲ, ನಿಜವಾಗ್ಲೂ ಅಂತಾನಾ, ಇಲ್ಲ ನಾನಿದ್ದಾಗ ಮಾತ್ರ ಅಂತಾನಾ?” ಎಂದು ಒಂದು ದಿನ ಕೇಳಿದಳು.

“ಯಾವಾಗ್ಲೂ ಅಂತಾನೆ ಕಣವ್ವ.”

“ನೋಡುಮ.”

ಹೊರಗೆ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಬೀದಿಯ ಕೊನೆಯ ಗದ್ದೆಗಳಲ್ಲಿ ಭತ್ತದ ಸಸಿಯ ಒಟ್ಟಲು ಪಾತಿ ಹಸಿರಾಗುತ್ತಿತ್ತು, ಕಪ್ಪೆಗಳ ಗದ್ದಲಕ್ಕೆ ನಾವು ಕಿರುಚಿ ಮಾತಾಡಬೇಕಾಗುತ್ತಿತ್ತು. ನಾನು ಪೇಪರಿನ ಮುನ್ನುಡಿ ಬರೆಯುತ್ತಿದ್ದೆ, ಅವನು ಚಿತ್ರ ಜೋಡಿಸುತ್ತಿದ್ದ. ಚಿತ್ರಗಳಿಗೆ ಬಣ್ಣ ಕೊಟ್ಟಿದ್ದ. ನಿಜದಲ್ಲಿ ಅವು ಬರೀ ಬೂದು, ಕಂಪ್ಯೂಟರಿನಲ್ಲಿ ಬಿಸಿ ಕೆಂಪು, ತಂಪು ನೀಲಿ ತುಂಬಿದರೆ ಕಣ್ಣು ಕೀಳಲಾಗದಷ್ಟು ಚೆಂದ. ನೋಡಿದಷ್ಟೂ ನನಗೆ ಅವ್ವನ ಹೊಂಬಣ್ಣದ ಬೆಲ್ಲ ನೆನಪಾಗುತ್ತಿತ್ತು. ಇಷ್ಟು ಚೆಂದವಾಗಿ ಯಾವ ಪ್ರಯೋಗವೂ ಬೇಯುವುದಿಲ್ಲ. ಆದರೆ ಏನು ಹಾಕಿದ್ದಾರೆ ಎಂದು ಹೇಳಲು ನನಗೆ ಬರಲಿಲ್ಲ. ಕ್ಷೀಣ ಬೆಳಕಿನ ಚಿತ್ರದಲ್ಲಿ ಗೆರೆ ಇಲ್ಲ, ನಾನೇ ನೋಡಿದ್ದೇನೆ. ಇನ್ನೇನು ಬೇಕು?

ಹೊಟ್ಟೆಕಿಚ್ಚಿರಬಹುದು ಎಂದೂ ಅನ್ನಿಸಿತು. ನನ್ನ ಇಷ್ಟು ವರ್ಷದ ಚಿತ್ರಗಳಲ್ಲಿ ಒಂದೂ ಹೀಗೆ ಬಂದಿರಲಿಲ್ಲ. ಕಿರಿಯನೊಬ್ಬ ಒಂದು ಬೇಸಿಗೆಯಲ್ಲಿ ತೆಗೆದುಬಿಟ್ಟ. ಆ ದಿನಗಳಲ್ಲಿ ನಾನು ಚಿತ್ರವನ್ನು ಅನುಮಾನಿಸುತ್ತಿದ್ದೆನೋ, ನನ್ನನ್ನೇ ಅನುಮಾನಿಸುತ್ತಿದ್ದೆನೋ ಸರಿಯಾಗಿ ಹೇಳಲಾರೆ.

ಶ್ರಾವಣದ ಒಂದು ಸೋಮವಾರ ಅವ್ವ ವೈದ್ಯನಾಥಪುರಕ್ಕೆ ಹೊರಟಳು. ಅವಳ ಕಾಲಿಗೆ ಬೇಸಿಗೆಯಲ್ಲಿ ತುರಿಕೆ ಹತ್ತಿ, ಚರ್ಮ ಗಾಯವಾಗಿ, ವಾಸಿಯಾದರೆ ಬಂದು ಪೂಜೆ ಮಾಡಿಸುತ್ತೇನೆ ಎಂದು ವೈದ್ಯನಾಥೇಶ್ವರನಿಗೆ ಹರಕೆ ಕಟ್ಟಿದ್ದಳು. ಈಗ ವಾಸಿಯಾಗಿತ್ತು. ಅವತ್ತು ಸಿದ್ದರಾಜುವೂ ಬಂದಿದ್ದ, ಅವನನ್ನೂ ಹೊರಡಿಸಿದಳು. ಬಿಟ್ಟು ಹೋದರೆ ಮನೆಯಲ್ಲಿ ನಾವಿಬ್ಬರೇ ಉಳಿಯುತ್ತೇವೆ ಎಂಬ ಲೆಕ್ಕ. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ಆಟೋ. ಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಹೊಳೆದಂಡೆಗೆ ಬಂದು ಕೂತೆವು. ಶಿಂಷಾ ಕೆಂಪಗೆ ಹರಿಯುತ್ತಿತ್ತು. ಮಳೆ ಬಿಟ್ಟಿತ್ತು, ಮೋಡ ಬಿಟ್ಟಿರಲಿಲ್ಲ. ನೀರಿನ ನಡುವೆ ಒಂದು ಬಂಡೆ ತಲೆ ಎತ್ತಿತ್ತು. ಅದರ ಹಿಂದೆ ನೀರಿನಲ್ಲಿ ಎರಡು ಗೆರೆ ಕವಲಾಗಿ ಹೊರಟಿದ್ದವು.

“ನೋಡಕ್ಕ, ನಮ್ ಚಿತ್ರ!” ಎಂದು ಸಿದ್ದರಾಜು ಕುಣಿದ.

“ಏನದು?” ಅವ್ವ ಕೇಳಿದಳು. ಅವನು ಖುಷಿಯಾಗಿ ಬೆಳಕು, ಬಂಡೆ, ಗೆರೆ ಎಲ್ಲವನ್ನೂ ವಿವರಿಸಿದ. ಅವ್ವ ತಲೆಯಾಡಿಸುತ್ತ ಪ್ರಸಾದದ ಬಾಳೆಹಣ್ಣು ಸುಲಿದುಕೊಂಡಳು, ಅರ್ಧ ಅವನಿಗೆ ಕೊಟ್ಟಳು. ಇಷ್ಟು ದಿನದಲ್ಲಿ ಅವಳು ಅವನಿಗೆ ತಾನಾಗಿ ಕೊಟ್ಟದ್ದು ಅದೇ ಮೊದಲು.

ನಾನು ಸುಮ್ಮನಿರಲಾರದೆ ಅವ್ವನನ್ನು ಕೆಣಕಿದೆ. “ವೈದ್ಯನಾಥನೇ ವಾಸಿ ಮಾಡಿದ್ದು ಅಂತ ಹೆಂಗೆ ಹೇಳ್ತೀಯವ್ವ? ಆಸ್ಪತ್ರೆ ಮುಲಾಮೂ ಹಚ್ಚಿದ್ದೆಯಲ್ಲ?”

“ಊಂ, ಹಚ್ಚಿದ್ದೆ. ಅರಕೆ ಕಟ್ಟಿದ್ ದಿನ್ವೇ ಶುರುಮಾಡ್ದೆ.”

“ಹಂಗಾದ್ರೆ ಯಾವುದರಿಂದ ವಾಸಿಯಾಯ್ತು?”

“ಎಲ್ಡ್ರಾಗೆ ಒಂದು. ನಿಂಗ್ಯಾಕದು? ದ್ಯಾವ್ರನ್ನೂ ನಂಬಾಕಾಗಕಿಲ್ಲ, ಡಾಕ್ಟ್ರನ್ನೂ ನಂಬಾಕಾಗಕಿಲ್ಲ ಅಂತ ಎಲ್ಡೂ ಒಟ್ಗೇ ಮಾಡ್ದೆ.”

ಸಿದ್ದರಾಜು ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ನಗು ಅರ್ಧದಲ್ಲೇ ನಿಂತುಹೋಯಿತು. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದು ಏನು ಮಾಡಿತು ಎಂದು ತಿಳಿಯುವುದಿಲ್ಲ. ಕ್ಷೀಣ ಬೆಳಕಿನ ಚಿತ್ರ ತೆಗೆಯುವಾಗ ಬೆಳಕಿನ ಜೊತೆ ಬೇರೆ ಏನಾದರೂ ಬದಲಾಗಿತ್ತಾ?

“ಸಿದ್ದು, ಅವತ್ತು ಲೇಸರನ್ನ ಹೆಂಗೆ ಕಮ್ಮಿ ಮಾಡಿದೆ?”

“ಎಂಗೆ ಅಂದ್ರೆ? ತಿರುಪು ತಿರುಗ್ಸಿ.”

“ಬೆಳಕಿಗೆ ಅಡ್ಡ ಕಪ್ಪು ಗಾಜು ಹಾಕಲಿಲ್ವಾ?”

“ಗಾಜು ಪಕ್ಕದ ಲ್ಯಾಬ್ನೋರು ಇಸ್ಕೊಂಡೋಗಿದ್ರು. ತಿರುಪೇ ಇತ್ತಲ್ಲ, ತಿರುಗಿಸ್ದೆ.”

ನಾಲೆ ಬಯಲಿನವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ನೀರು ಕಮ್ಮಿ ಬೇಕೆಂದರೆ ನಾವು ತೂಬಿನ ಹಲಗೆ ಇಳಿಸುತ್ತೇವೆ. ಹಲಗೆ ಇಳಿಸಿದರೆ ನೀರು ಕಮ್ಮಿಯಾಗುತ್ತದೆ, ನೀರು ಬೇರೆಯಾಗುವುದಿಲ್ಲ. ಆದ್ದರಿಂದ ಎಲ್ಲಿಂದ ಬರುತ್ತದೋ ಅಲ್ಲೇ ಬಿಗಿ ಮಾಡುವುದು ನಮ್ಮ ಕೈಗೆ ರೂಢಿ. ಅವನು ತಿರುಪು ತಿರುಗಿಸುವುದನ್ನು ಎಷ್ಟೋ ಸಲ ಕಂಡ ನನಗೂ ವಿಚಿತ್ರ ಅನ್ನಿಸಿರಲಿಲ್ಲ. ಆದರೆ ಲೇಸರ್ ನಾಲೆಯಲ್ಲ. ನಮ್ಮ ಲೇಸರಿನ ತಿರುಪು ತಿರುಗಿಸಿದರೆ ಬೆಳಕಿನ ಬಲವೂ ಇಳಿಯುತ್ತದೆ, ಬಣ್ಣವೂ ಕೂದಲೆಳೆಯಷ್ಟು ಸರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸರಿದರೂ ಆ ಕನ್ನಡಿಗಳ ನಡುವೆ ಅದು ದೊಡ್ಡ ವಿಷಯ. ಬಣ್ಣ ಸರಿದರೆ ಬೆಳಕು ಒಳಗೆ ಹರಿಯುವ ವೇಗವೇ ಬೇರೆ, ವೇಗ ಬೇರೆಯಾದರೆ ಗೆರೆ ಇರುವ ಜಾಗವೂ ಬೇರೆ, ಕೆಲವೊಮ್ಮೆ ಗೆರೆಯೇ ಇಲ್ಲ. ಹಾಗಾದರೆ ಗೆರೆ ಅಳಿಸಿಹೋದದ್ದು ತಳ್ಳಾಟ ನಿಂತದ್ದರಿಂದಲೋ, ಬಣ್ಣ ಸರಿದದ್ದರಿಂದಲೋ? ಎರಡರಲ್ಲಿ ಒಂದು.

ನಾನು ಇದನ್ನು ಬಾಯಿಬಿಟ್ಟು ಹೇಳುವ ಮೊದಲೇ ಅವನ ಮುಖ ಇಳಿಯಿತು. ಹೊಳೆಯನ್ನು ನೋಡುತ್ತ ಕೂತ. ಆಮೇಲೆ ಸಿಟ್ಟು ಬಂತು.

“ಬಣ್ಣ ಎಷ್ಟು ಸರ್ದಿರ್ತದಕ್ಕ? ಏನೂ ಆಗಿರಾಕಿಲ್ಲ.”

“ಆಗಿಲ್ಲ ಅಂತ ನೋಡಿದ್ದೀಯಾ?”

“ನೋಡಿಲ್ಲ. ನೋಡಾಕೆ ಮಿಷನ್ ಎಲ್ಲೈತೆ?”

“ಮಿಷನ್ ಬರಲಿ. ಗಾಜು ಹಾಕಿ ನೋಡಿ ಆಮೇಲೆ ಕಳಿಸೋಣ.”

“ಮಿಷನ್ ಬರೋ ಒತ್ಗೆ ನನ್ ಫೆಲೋಶಿಪ್ ಮುಗ್ದೋಯ್ತದೆ! ಪುಣೆನೋರು ಕಾಯ್ತಾ ಕೂತಿರ್ತಾರಾ? ನಿಂಗೇನು, ನಿನ್ ಥೀಸಿಸ್ ಬೇರೆ ಐತೆ.” ಅವನು ಎದ್ದು ನಿಂತ. “ನಿಂಗೆ ಅನ್ಮಾನದ ಕಾಯ್ಲೆ ಕಣಕ್ಕ. ನಿಮ್ಮವ್ವನ್ ಥರನೇ.”

ಅವ್ವ ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದು ಇಬ್ಬರನ್ನೂ ನೋಡುತ್ತಿದ್ದಳು. ಅವನು ದೇವಸ್ಥಾನದ ಗೋಡೆ ದಾಟಿ ಒಬ್ಬನೇ ರಸ್ತೆಗೆ ನಡೆದುಬಿಟ್ಟ. ಮತ್ತೆ ಗುತ್ತಲಿಗೆ ಬರಲಿಲ್ಲ.

ಗೈಡ್ ಫೋನು ಮಾಡಿ ಒಪ್ಪಿಗೆ ಕೇಳಿದರು. ನಾನು ತಿರುಪಿನ ವಿಷಯ ಹೇಳಿ, ಗಾಜು ಹಾಕಿ ನೋಡುವವರೆಗೆ ಒಪ್ಪುವುದಿಲ್ಲ ಎಂದೆ. ಅವರು “ಆ ಹುಡುಗನ ಗತಿ ಏನು ಯೋಚನೆ ಮಾಡಿದ್ದೀಯಾ?” ಎಂದರು. ಮಾಡಿದ್ದೆ. ಅದನ್ನು ಬಿಟ್ಟು ಬೇರೆ ಏನನ್ನೂ ಮಾಡುತ್ತಿರಲಿಲ್ಲ. ನಾಟಿ ಮುಗಿದು ಗದ್ದೆಯಲ್ಲಿ ಪೈರು ನಿಂತಿತು, ಹಬ್ಬಗಳು ಒಂದರ ಹಿಂದೊಂದು ಬಂದುಹೋದವು, ನಾನು ಅವನಿಗೆ ಫೋನು ಹಚ್ಚುವುದು, ಅವನು ಎತ್ತದಿರುವುದು ನಡೆಯಿತು. ನನಗೆ ಅಳು ಬರುತ್ತಿತ್ತು. ಬಚ್ಚಲಿಗೆ ಹೋಗಿ ಅತ್ತರೆ ಅವ್ವ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದಳು.

“ಅವ್ನೇನಾರ ಮೋಸ ಮಾಡುದ್ನಾ? ಏಳ್ಬುಡು ಮಗ.”

“ಮೋಸ ಮಾಡಿಲ್ಲ ಕಣವ್ವ. ಮೋಸ ಹೋಗಿರಬಹುದು.”

“ಯಾರಿಂದ?”

“ಬೆಳಕಿಂದ.”

ಅವಳು ಆಚೆಯಿಂದ ಗೊಣಗಿಕೊಂಡು ಹೋದಳು. ಸಾಕಮ್ಮನಿಗೆ ನನ್ನ ತಲೆ ಕೆಟ್ಟಿದೆ ಎಂಬ ನಾಲ್ಕನೆಯ ಸುದ್ದಿ ಸಿಕ್ಕಿದ್ದು ಹೀಗೆ ಇರಬೇಕು.

ಮಳೆ ಹಿಂದಾಗುವ ಹೊತ್ತಿಗೆ ಬಿಡಿಭಾಗ ಬಂತು. ಬೆಂಗಳೂರಿಗೆ ಹೋದೆ. ಸಿದ್ದರಾಜುವೂ ಬಂದಿದ್ದ, ಗಡ್ಡ ಬಿಟ್ಟಿದ್ದ, ನನ್ನನ್ನು ನೋಡಿ ತಲೆಯಾಡಿಸಿದ ಅಷ್ಟೆ. ಒಂದು ಮಧ್ಯಾಹ್ನ ಎಲ್ಲ ತಣ್ಣಗಾದ ಮೇಲೆ, ಲೇಸರಿನ ತಿರುಪನ್ನು ಯಾರೂ ಮುಟ್ಟದ ಹಾಗೆ ಟೇಪು ಸುತ್ತಿದೆ. ಪಕ್ಕದ ಲ್ಯಾಬಿನಿಂದ ಕಪ್ಪು ಗಾಜು ತಂದು ಲೇಸರ್ ಮತ್ತು ಕನ್ನಡಿಗಳ ನಡುವೆ ನಿಲ್ಲಿಸಿದೆ. ಈಗ ಬೆಳಕು ಕಮ್ಮಿಯಾಗುತ್ತದೆ, ಬಣ್ಣ ಇದ್ದಂತೆಯೇ ಇರುತ್ತದೆ. ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟೆವು. ಪರದೆಯ ಮೇಲೆ ಚಿತ್ರ ಕಾಳು ಕಾಳಾಗಿ, ನಿಧಾನವಾಗಿ ಮೂಡಿತು.

ನಾನು ಆಗ ಏನು ಬಯಸುತ್ತಿದ್ದೆ ಎಂದು ಚೆನ್ನಾಗಿ ನೆನಪಿದೆ. ಗೆರೆ ಅಳಿಸಿಹೋಗಿರಲಿ, ನಾನು ಮೂರ್ಖಳಾಗಲಿ, ಇವನು ಪುಣೆಗೆ ಹೋಗಲಿ ಎಂದು ಬಯಸುತ್ತಿದ್ದೆ. ಗೆರೆ ಅಲ್ಲೇ ಇತ್ತು. ಅದೇ ಜಾಗ, ಅದೇ ಕವಲು, ಬೂದು ಬಣ್ಣದಲ್ಲಿ. ಇನ್ನೊಂದು ಗಾಜು ಹಾಕಿದೆ. ಇನ್ನೂ ಮಸುಕಾಯಿತು, ಜಾಗ ಬಿಟ್ಟು ಕದಲಲಿಲ್ಲ. ತಳ್ಳಾಟವೂ ಇಲ್ಲ, ದ್ರವವೂ ಇಲ್ಲ, ಎರಡು ಅಲೆಗಳು ಒಂದನ್ನೊಂದು ಹಾಯ್ದು ಹೋಗುತ್ತಿದ್ದವು. ಸಿದ್ದರಾಜು ಪರದೆಯನ್ನು ಬಹಳ ಹೊತ್ತು ನೋಡಿ, ಚಪ್ಪಲಿ ಹಾಕಿಕೊಂಡು ಹೊರಗೆ ಹೋದ.

ಎರಡು ದಿನದ ಮೇಲೆ ಗೈಡ್ ಪೇಪರ್ ಕೈಬಿಟ್ಟಿದ್ದೇವೆ ಎಂದರು. ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ, ಕಾರಣ ನಾನೇ ಎಂದು ಗೊತ್ತಿತ್ತು. ಸಿದ್ದರಾಜು ಹಾಸ್ಟೆಲಿನ ರೂಮು ಖಾಲಿ ಮಾಡಿಕೊಂಡು ಹೋದ ದಿನ ನನಗೆ ಹೇಳಲಿಲ್ಲ. ಪುಣೆಯ ಜಾಗ ತಪ್ಪಿತು. ಅವನು ಮಳವಳ್ಳಿಯಲ್ಲಿ ಪಾಠ ಹೇಳುತ್ತಿದ್ದಾನೆ ಎಂದು ಯಾರಿಂದಲೋ ತಿಳಿಯಿತು. ನನಗೂ ಮಂಡ್ಯದ ಹತ್ತಿರ ಕಾಲೇಜಿನ ಕೆಲಸ ಸಿಕ್ಕಿತು. ಬೇರೆಯವರು ಅದನ್ನು ನೆಮ್ಮದಿಯ ಕೆಲಸ ಎನ್ನುತ್ತಿದ್ದರು. ನನಗೆ ಮಾತ್ರ ನಾಲೆಯ ವಾಸನೆ ಬಂದಾಗಲೆಲ್ಲ ಒಬ್ಬ ಹುಡುಗನ ದಾರಿಯನ್ನು ನಾನು ಕಡಿದೆ ಎನ್ನಿಸುತ್ತಿತ್ತು. ಸರಿಯಿದ್ದದ್ದನ್ನೇ ಮಾಡಿದ್ದೆ, ಆದರೂ ಅನ್ನಿಸುತ್ತಿತ್ತು.

ಬಸ್ಸು ಮಳವಳ್ಳಿ ತಲುಪಿತು. ಕಾಲೇಜಿನ ಗೇಟಿನಲ್ಲೇ ಸಿದ್ದರಾಜು ನಿಂತಿದ್ದ. ಹೊಟ್ಟೆ ಸ್ವಲ್ಪ ಬಂದಿದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. “ಬನ್ನಿ ಮೇಡಂ” ಎಂದ. ಅಕ್ಕ ಎನ್ನಲಿಲ್ಲ. ಕಾಫಿ ತರಿಸಿದ. ನಾನು ಮೊದಲು ಅವನು ಕುಡಿಯಲಿ ಎಂದು ಕಾದೆ, ನನ್ನ ಮೇಲೆ ನನಗೇ ನಗು ಬಂತು.

ಪರೀಕ್ಷೆ ಶುರುವಾಯಿತು. ಮಕ್ಕಳು ಅಳತೆ ತೋರಿಸಿದಾಗಲೆಲ್ಲ ನಾನು ನನ್ನ ಹಳೆಯ ಚಾಳಿಯಂತೆ ಇದನ್ನು ಹೇಗೆ ತೆಗೆದೆ, ಆಗ ಇನ್ನೇನು ಬದಲಾಯಿತು, ಮತ್ತೊಮ್ಮೆ ತೆಗೆ ಎನ್ನುತ್ತ ಹೋದೆ. ಒಬ್ಬ ಹುಡುಗಿಗೆ ಕಣ್ಣಲ್ಲಿ ನೀರೇ ಬಂತು. ಸಿದ್ದರಾಜು ಕಿಟಕಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ.

“ನನ್ನ ಯಾಕೆ ಕರೆಸಿದೆ ಹೇಳು.”

“ಬರೋರೆಲ್ಲ ಉಂಡು ಸೈನ್ ಹಾಕಿ ಓಯ್ತಾರೆ ಕಣಕ್ಕ. ನಮ್ ಮಕ್ಕಳ್ನ ಒಬ್ರಾದ್ರೂ ನಂಬ್ದಂಗೆ ನೋಡ್ಲಿ ಅಂತ ಕರೆಸ್ದೆ.”

ಅಕ್ಕ ಎಂದಿದ್ದ. ನನ್ನ ತುತ್ತು ಕೈಯಲ್ಲೇ ಉಳಿಯಿತು. “ಸಿದ್ದು, ಆ ಪೇಪರ್ ನಾನು ಕೆಡಿಸಿದೆ ಅಂತ ನಿನಗೆ…” ಎಂದು ಶುರುಮಾಡಿದೆ.

“ಯಾರಂದ್ರು ನೀನು ಕೆಡಿಸ್ದೆ ಅಂತ?” ಅವನು ನಕ್ಕ. “ನೀನು ಗಾಜು ಹಾಕ್ದಲ್ಲ, ಮಾರನೆ ದಿನ ಬೆಳಿಗ್ಗೆ ನೀನು ಬರೋಕ್ ಮುಂಚೆ ನಾನು ಲ್ಯಾಬಿಗೆ ಬಂದೆ. ಅಕ್ಕ ಅವಸರದಲ್ಲಿ ಗಾಜ್ನ ಕ್ಯಾಮೆರಾ ಮುಂದ್ಕೆ ಹಾಕ್ಬುಟ್ಟವ್ಳೆ ಅಂತ ನಂಗೆ ಅನ್ಮಾನ. ಅಂಗಾದ್ರೆ ಕಣ್ಣಿಗೆ ಕಪ್ಪು ಕನ್ನಡಕ ಹಾಕ್ಕಂಡಂಗೆ, ಒಳಗಿನ ಬೆಳಕು ಕಮ್ಮಿ ಆಗಿರಾಕಿಲ್ಲ, ಗೆರೆ ಇದ್ದೇ ಇರ್ತದೆ. ನಿನ್ ತಪ್ಪು ಸಿಕ್ಲಪ್ಪ ಅಂತ ಆ ವೈದ್ಯನಾಥನ್ಗೆ ಕೈ ಮುಗ್ದು ಕತ್ತು ಬಗ್ಗಿಸಿ ನೋಡ್ದೆ.”

“ಆಮೇಲೆ?”

“ಗಾಜು ಸರಿಯಾದ ಜಾಗದಲ್ಲೇ ಇತ್ತು. ಆದ್ರೂ ಬುಡ್ಲಿಲ್ಲ. ಎಲ್ಲಾ ತೆಗ್ದು ಮತ್ತೆ ನಾನೇ ಹಾಕ್ದೆ, ನಾನೇ ಚಿತ್ರ ತೆಗ್ದೆ. ಗೆರೆ ಅಲ್ಲೇ ಇತ್ತು. ಸೀದಾ ನಮ್ ಗೈಡ್ ಮೇಷ್ಟ್ರ ರೂಮ್ಗೆ ಓಗಿ, ಈ ಪೇಪರ್ ಬ್ಯಾಡ ಸಾರ್ ಅಂದೆ. ಅವ್ರು ನಿನ್ ಹೆಸ್ರು ತೆಗ್ದು ಕಳ್ಸೋಣ ಅಂತಿದ್ರು. ನಾನು ಒಪ್ಲಿಲ್ಲ.” ಅವನು ತಟ್ಟೆಯಲ್ಲಿ ಮುದ್ದೆ ಮುರಿದ. “ನಿನ್ ಮಾತಿಗೆ ಬುಟ್ಟಿದ್ದಲ್ಲ ಕಣಕ್ಕ. ನಾನು ನೋಡ್ದೆ, ಅದ್ಕೆ ಬುಟ್ಟೆ.”

“ಮತ್ತೆ ಇಷ್ಟು ವರ್ಷ ಯಾಕೆ ಮಾತಾಡಲಿಲ್ಲ?”

“ನಿನ್ ತಪ್ಪು ಸಿಕ್ಲಿ ಅಂತ ದೇವ್ರನ್ನ ಬೇಡ್ಕಂಡಿದ್ನಲ್ಲ. ಯಾವ ಮುಖ ಇಟ್ಕಂಡು ಮಾತಾಡ್ಲಿ?”

ಇಷ್ಟು ವರ್ಷ ನಾನು ಹೊತ್ತು ತಿರುಗಿದ ಭಾರ ನನ್ನದಾಗಿರಲೇ ಇಲ್ಲ. ಹಗುರಾಯಿತು, ಜೊತೆಗೆ ನಾಚಿಕೆಯೂ ಆಯಿತು. ಅವನಷ್ಟಕ್ಕೆ ಅವನು ನಿಂತಿದ್ದ, ನಾನೇ ಬೀಳಿಸಿದೆ ಎಂದುಕೊಂಡು ಮರುಗುತ್ತಿದ್ದೆ. ನನ್ನ ತಟ್ಟೆಯ ಬಾಳೆಹಣ್ಣನ್ನು ಮುರಿದು ಅರ್ಧ ಅವನಿಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, ಮೂಸಿ, ಆಮೇಲೆ ತಿಂದ. ಇಬ್ಬರೂ ನಕ್ಕೆವು.

ಸಂಜೆ ಗುತ್ತಲಿಗೆ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

“ಏನಂದ ಅವ್ನು?”

ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಬೇಗ ಬಂದದ್ದು, ಗಾಜು ನೋಡಿದ್ದು, ತಾನೇ ಚಿತ್ರ ತೆಗೆದದ್ದು, ತಾನೇ ಬೇಡ ಎಂದದ್ದು. ಅವ್ವ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು.

“ಅವ್ನು ಅಂಗೆ ಬೇಗ ಬಂದಿದ್ನ ನೀನು ನೋಡ್ದಾ?”

“ಇಲ್ಲ.”

“ಆ ಚಿತ್ರ ತೋರಿಸುದ್ನಾ?”

“ಕೇಳಲಿಲ್ಲವ್ವ. ನಂಬಿದೆ.”

ಅವ್ವ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು.